ಕಂಬ ಒಂದೇ ಇರುವಾಗ

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮಕ್ಕನ ಮಗಳು ಒಂದು ಬೇಸಿಗೆಯಲ್ಲಿ ತಮಿಳುನಾಡಿನ ಹೊಸೂರು ಕಡೆಯ ತಳಿ ಎಂಬ ಊರಿನ ನಮ್ಮ ಮನೆಗೆ ಬಂದಿದ್ದಳು. ಗೋಡೆಯ ಮೊಳೆಗೆ ತೂಗುಹಾಕಿದ್ದ ಕರೆಂಟಿನ ಕಾರ್ಡನ್ನು ತೆಗೆದು ನೋಡಿದಳು. ಎರಡು ತಿಂಗಳಿಗೊಮ್ಮೆ ರೀಡಿಂಗ್ ತೆಗೆದುಕೊಳ್ಳಲು ಬರುವವರು ಪೆನ್ನಿನಲ್ಲಿ ಬರೆದಿಟ್ಟ ಅಂಕಿಗಳು ಅದರಲ್ಲಿದ್ದವು. "ಮಾವ, ನಿಮಗೆ ಕರೆಂಟು ಯಾವ ಕಂಪನಿಯದು?" ಎಂದಳು. "ಇ.ಬಿ.ಯವರದು, ಸರ್ಕಾರಿ ವಿದ್ಯುತ್ ಮಂಡಳಿಯವರದು" ಎಂದೆ. "ಅವರು ಬೇಡ ಅನ್ನಿಸಿದರೆ?" ನಾನು ಉತ್ತರ ಹುಡುಕುವ ಮೊದಲೇ ಒಳಗಿನಿಂದ ಅಮ್ಮ ಹೇಳಿದರು: "ಬೇಡ ಅಂದ್ರೆ ಎಲ್ಲಿಗೆ ಹೋಗೋದೇ? ಕಂಬ ಇರೋದು ಒಂದೇ ಅಲ್ವಾ."

ಹುಡುಗಿ ಇಂಗ್ಲೆಂಡಿನಲ್ಲಿ ಆಗಷ್ಟೇ ದೊಡ್ಡ ವಿದ್ಯುತ್ ಕಂಪನಿಯೊಂದನ್ನು ಬಿಟ್ಟು ಸಣ್ಣ ಕಂಪನಿಯೊಂದರ ಗ್ರಾಹಕಳಾಗಿದ್ದಳು. ಮೀಟರು ಬದಲಾಗಲಿಲ್ಲ, ತಂತಿ ಬದಲಾಗಲಿಲ್ಲ, ಮನೆಗೆ ಯಾರೂ ಬರಲೂ ಇಲ್ಲ. ಫೋನಿನಲ್ಲೇ ಹತ್ತು ನಿಮಿಷದ ಕೆಲಸ. ಸಣ್ಣವರು ಫೋನು ಎತ್ತುತ್ತಾರೆ, ನಮ್ಮ ಮಾತು ಕೇಳುತ್ತಾರೆ ಎಂಬ ಸಂತೋಷ ಅವಳಿಗಿತ್ತು. ಅವಳ ಪ್ರಶ್ನೆಗೂ ಅಮ್ಮನ ಉತ್ತರಕ್ಕೂ ನಡುವೆ ಇರುವ ದೂರವನ್ನು ನಾನು ಅಂದಿನಿಂದ ಯೋಚಿಸುತ್ತಲೇ ಇದ್ದೇನೆ.

ಪ್ರಶ್ನೆಯೇನೋ ನ್ಯಾಯವಾದದ್ದೇ. ಫೋನಿನ ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಹಕ್ಕು 2011ರಿಂದ ದೇಶದವರಿಗೆಲ್ಲ ಇದೆ. ಗ್ಯಾಸ್ ಏಜೆನ್ಸಿ ಸರಿಬರದಿದ್ದರೆ ಬೇರೆ ಕಂಪನಿಯ ಏಜೆನ್ಸಿಗೆ ಹೋಗಬಹುದೆಂಬ ವ್ಯವಸ್ಥೆ 2014ರಲ್ಲಿ ನೂರಾರು ಜಿಲ್ಲೆಗಳಿಗೆ ಹರಡಿತು. ಒಲೆಗೆ ಇರುವ ಸ್ವಾತಂತ್ರ್ಯ ದೀಪಕ್ಕೆ ಯಾಕಿಲ್ಲ? ಕಾನೂನು ಈ ಬಾಗಿಲನ್ನು ಪೂರ್ತಿ ಮುಚ್ಚಿಯೂ ಇಲ್ಲ. 2003ರ ವಿದ್ಯುತ್ ಕಾಯ್ದೆಯ ದಾರಿಯಲ್ಲಿ ಒಂದು ಮೆಗಾವಾಟಿಗಿಂತ ಹೆಚ್ಚು ಬೇಡಿಕೆ ಇರುವವರು ತಮಗೆ ಬೇಕಾದವರಿಂದ ವಿದ್ಯುತ್ ಕೊಳ್ಳಬಹುದು. ಗಾಳಿ, ಬಿಸಿಲುಗಳಿಂದ ಬಂದ ವಿದ್ಯುತ್ತಾದರೆ 2022ರ ನಿಯಮಗಳ ಪ್ರಕಾರ ನೂರು ಕಿಲೋವಾಟ್ ಸಾಕು. ತಮಿಳುನಾಡಿನ ದೊಡ್ಡ ಕಾರ್ಖಾನೆಗಳು ತೆಂಕಣ ತುದಿಯ ಮುಪ್ಪಂದಲ್ ಕಡೆಯ ಗಾಳಿಯಂತ್ರಗಳಿಂದ ವಿದ್ಯುತ್ ತರಿಸಿಕೊಂಡು, ಸರ್ಕಾರದ ತಂತಿಗೆ ಬಾಡಿಗೆ ಕಟ್ಟಿ, ಎಷ್ಟೋ ವರ್ಷಗಳಿಂದ ಉಪಯೋಗಿಸುತ್ತಿವೆ. ಆದರೆ ಮನೆಯೊಂದರ ಬೇಡಿಕೆ ಮೂರೋ ಐದೋ ಕಿಲೋವಾಟ್. ಬಾಗಿಲು ಇದೆ, ಹೊಸ್ತಿಲು ನಮ್ಮ ಎದೆಯೆತ್ತರಕ್ಕಿದೆ. ಒಂದೇ ಊರಿನಲ್ಲಿ ಹಲವು ಕಂಪನಿಗಳು ಒಂದೇ ತಂತಿಯ ಮೇಲೆ ಮಾರಾಟ ಮಾಡಲು ಅನುವಾಗುವಂಥ ತಿದ್ದುಪಡಿ ಮಸೂದೆ 2022ರ ಆಗಸ್ಟಿನಲ್ಲಿ ಲೋಕಸಭೆಗೆ ಬಂತು, ಸ್ಥಾಯಿ ಸಮಿತಿಗೆ ಹೋಯಿತು, ಆ ಲೋಕಸಭೆಯ ಅವಧಿ ಮುಗಿಯುವವರೆಗೂ ಕಾಯ್ದೆಯಾಗಲಿಲ್ಲ.

ಒಂದು ಕಾಲದಲ್ಲಿ ನಾನೂ ಅಂಥದ್ದೊಂದು ಬರಲಿ ಎಂದು ಹಂಬಲಿಸಿದವನು. 2012ರಲ್ಲಿ ಚೆನ್ನೈ ಬಿಟ್ಟು ಉಳಿದ ತಮಿಳುನಾಡಿನಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ಕರೆಂಟು ಇರುತ್ತಿರಲಿಲ್ಲ. ಹೊಸೂರಿನ ಸಣ್ಣ ವರ್ಕ್‌ಶಾಪುಗಳು ಡೀಸೆಲ್ ಜನರೇಟರಿನ ಹೊಗೆಯಲ್ಲಿ ಲಾಭವನ್ನೆಲ್ಲ ಸುಡುತ್ತಿದ್ದವು. ಜೂಜುವಾಡಿಯ ಗಡಿ ದಾಟಿದರೆ ಕರ್ನಾಟಕದ ಅತ್ತಿಬೆಲೆಯಲ್ಲಿ ದೀಪ ಉರಿಯುತ್ತಿತ್ತು. ಅವರಿಂದ ಒಂದು ತಂತಿ ಎಳೆದುಕೊಂಡರೆ ಆಗದೇ ಎಂದು ಎಲ್ಲರ ಬಾಯಲ್ಲೂ ಬರುತ್ತಿತ್ತು. ನಿಜವಾದ ಅಡ್ಡಿ ಎಲ್ಲಿತ್ತೆಂದು ನನಗೆ ತಿಳಿದದ್ದು ಆಮೇಲೆ. ಬಡಗಣ ರಾಜ್ಯಗಳಲ್ಲಿ ವಿದ್ಯುತ್ ಮಾರಲು ಸಿದ್ಧರಿದ್ದವರಿದ್ದರೂ ಅದನ್ನು ತೆಂಕಣಕ್ಕೆ ತರಲು ಸಾಕಷ್ಟು ದಾರಿ ಇರಲಿಲ್ಲ. ದಕ್ಷಿಣದ ಜಾಲ ದೇಶದ ಉಳಿದ ಜಾಲದೊಂದಿಗೆ ಒಂದೇ ಲಯದಲ್ಲಿ ಕೂಡಿಕೊಂಡದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರದ ನಡುವಿನ 765 ಕಿಲೋವೋಲ್ಟ್ ಮಾರ್ಗ ಚಾಲೂ ಆದಾಗ. ಆ ಕತ್ತಲೆಯ ವರ್ಷಗಳಲ್ಲಿ ನಮಗೆ ಹತ್ತು ಕಂಪನಿಗಳ ಆಯ್ಕೆ ಇದ್ದಿದ್ದರೂ ಹತ್ತೂ ಕಂಪನಿಯವರು ಅದೇ ಇಕ್ಕಟ್ಟಿನ ಓಣಿಯಲ್ಲಿ ನಿಂತಿರುತ್ತಿದ್ದರು.

ಕರೆಂಟು ಮಾರುವುದು ಬೇರೆ, ಕರೆಂಟು ಮುಟ್ಟಿಸುವುದು ಬೇರೆ. ನಮ್ಮ ಕಡೆಯ ಅಂಚೆಟ್ಟಿಯ ಕಾಡಿನಲ್ಲಿ ಮಳೆಗಾಳಿಗೆ ಮರ ಬಿದ್ದು ತಂತಿ ಹರಿದರೆ, ಇಂಗ್ಲೆಂಡಿನ ಪದ್ಧತಿಯಲ್ಲಿ ಕೂಡ, ಏಣಿ ಹೊತ್ತು ಬರುವವನು ಮಾರಾಟದ ಕಂಪನಿಯವನಲ್ಲ, ತಂತಿಯ ಕಂಪನಿಯವನು. ತಂತಿಯ ಮಾಲೀಕನನ್ನು ಆರಿಸುವ ಹಕ್ಕು ಅಲ್ಲಿನವರಿಗೂ ಇಲ್ಲ. ನಮ್ಮಲ್ಲಿ ಜನರ ತೊಂದರೆ ಬಹುಮಟ್ಟಿಗೆ ತಂತಿಯದ್ದು, ಟ್ರಾನ್ಸ್‌ಫಾರ್ಮರಿನದ್ದು, ವೋಲ್ಟೇಜಿನದ್ದು. ಮಾರುವವರನ್ನು ಬದಲಿಸಿದರೆ ಇವುಗಳಲ್ಲಿ ಒಂದೂ ಬದಲಾಗುವುದಿಲ್ಲ. ಬಿಲ್ಲಿನ ನೆತ್ತಿಯ ಮೇಲಿನ ಹೆಸರು ಬದಲಾಗುತ್ತದೆ.

ಹೆಸರು ಬದಲಾದರೂ ಬೆಲೆ ಇಳಿಯಬಹುದಲ್ಲ ಎನ್ನುವವರಿದ್ದಾರೆ. ಅಲ್ಲಿ ಏನಾಯಿತೆಂದು ನೋಡಬೇಕು. ಬ್ರಿಟನ್ನಿನ ಮನೆಗಳಿಗೆಲ್ಲ ಆಯ್ಕೆಯ ಹಕ್ಕು ದೊರೆತದ್ದು 1999ರ ಹೊತ್ತಿಗೆ. ಆಮೇಲೆ ಹತ್ತಾರು ಸಣ್ಣ ಕಂಪನಿಗಳು ಹುಟ್ಟಿದವು. ಹಲವಕ್ಕೆ ಸ್ವಂತ ವಿದ್ಯುತ್ ಸ್ಥಾವರವಿರಲಿಲ್ಲ, ಗಟ್ಟಿ ಬಂಡವಾಳವೂ ಇರಲಿಲ್ಲ. ಸಗಟು ಪೇಟೆಯಲ್ಲಿ ಅಂದಂದಿಗೆ ಕೊಂಡು ಮನೆಗಳಿಗೆ ನಿಗದಿ ಬೆಲೆಗೆ ಮಾರುವುದೇ ಅವುಗಳ ವ್ಯಾಪಾರ. 2021ರಲ್ಲಿ ಅನಿಲದ ಬೆಲೆ ಗಗನಕ್ಕೇರಿದಾಗ ಒಂದಾದ ಮೇಲೊಂದು ಸುಮಾರು ಮೂವತ್ತು ಕಂಪನಿಗಳು ಬಿದ್ದವು. ಯಾವ ಮನೆಯ ದೀಪವೂ ಆರಲಿಲ್ಲ, ಏಕೆಂದರೆ ಅಲ್ಲಿನ ನಿಯಂತ್ರಕರು ಆ ಗ್ರಾಹಕರನ್ನು ಬದುಕಿದ್ದ ಕಂಪನಿಗಳಿಗೆ ಹಂಚಿದರು. ಖರ್ಚು ಮಾತ್ರ ಎಲ್ಲರ ಬಿಲ್ಲಿನ ಮೇಲೆ ಬಂತು. ಬಿದ್ದವುಗಳಲ್ಲಿ ಅತಿ ದೊಡ್ಡದಾದ ಬಲ್ಬ್ ಎಂಬ ಕಂಪನಿಯನ್ನು ಬಿಟ್ಟು ಲೆಕ್ಕ ಹಾಕಿದರೂ ಗ್ರಾಹಕರೊಬ್ಬರಿಗೆ 94 ಪೌಂಡ್ ಹೊರೆ ಎಂದು ಅಲ್ಲಿನ ಲೆಕ್ಕಪರಿಶೋಧನಾ ಕಚೇರಿ 2022ರಲ್ಲಿ ಹೇಳಿತು. ಎಂದೂ ಕಂಪನಿ ಬದಲಿಸದ ಮುದುಕಿಯೂ ಆ ಹೊರೆಗೆ ಹೆಗಲು ಕೊಟ್ಟಳು.

ನಮ್ಮ ದೇಶದಲ್ಲೂ ಒಂದು ಉದಾಹರಣೆ ಇದೆ. ಮುಂಬಯಿಯ ಉಪನಗರಗಳಲ್ಲಿ ರಿಲಯನ್ಸ್ ಕೊಡುತ್ತಿದ್ದ ಕಡೆಯೂ ಟಾಟಾ ಪವರ್ ಮನೆಗಳಿಗೆ ವಿದ್ಯುತ್ ಮಾರಬಹುದೆಂದು 2008ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಮರುವರ್ಷ ಅಲ್ಲಿನ ವಿದ್ಯುತ್ ನಿಯಂತ್ರಣ ಆಯೋಗ, ರಿಲಯನ್ಸಿನ ತಂತಿಯ ಮೇಲೆಯೇ ಟಾಟಾದ ಗ್ರಾಹಕರಾಗಲು ದಾರಿ ಮಾಡಿತು. ಹೆಚ್ಚು ಉರಿಸುವವರು, ಹೆಚ್ಚು ಕಟ್ಟುವವರು ಸಾಲಾಗಿ ಹೊರಟರು. ಕಡಿಮೆ ಉರಿಸುವವರ ರಿಯಾಯಿತಿ ನಿಂತಿದ್ದದ್ದೇ ಹೀಗೆ ಹೊರಟವರ ಹಣದ ಮೇಲೆ. ಹೋದವರ ಮೇಲೂ ಸರ್‌ಚಾರ್ಜ್ ಹಾಕುವಂತಾಯಿತು, ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಆಲ್ಬರ್ಟ್ ಹರ್ಶ್‌ಮನ್ ಎಂಬ ಅರ್ಥಶಾಸ್ತ್ರಜ್ಞ 1970ರ ತನ್ನ ಪುಸ್ತಕದಲ್ಲಿ ನೈಜೀರಿಯಾದ ರೈಲಿನ ಬಗ್ಗೆ ಒಂದು ಮಾತು ಹೇಳುತ್ತಾನೆ: ಸರಕು ಸಾಗಿಸುವವರಲ್ಲಿ ಗಟ್ಟಿದನಿಯವರು ಲಾರಿ ಹಿಡಿದು ಹೊರಟುಹೋದದ್ದರಿಂದ, ರೈಲನ್ನು ಸರಿಮಾಡಿ ಎಂದು ಗದರುವವರೇ ಇಲ್ಲದೆ ರೈಲು ಇನ್ನಷ್ಟು ಹದಗೆಟ್ಟಿತು. ಈ ಮಾತು ನನ್ನನ್ನು ಬಹಳ ಕಾಡಿದೆ. ಹೊಸೂರಿನ ದೊಡ್ಡ ಬಡಾವಣೆಗಳವರು ಬೇರೆ ಕಂಪನಿಗೆ ಹೋದ ಮೇಲೆ ತಳಿಯ ಗುಲಾಬಿ ತೋಟದ ಪಂಪ್‌ಸೆಟ್ಟಿನ ಪರವಾಗಿ, ಗುಡಿಸಲಿನ ಒಂದು ಬಲ್ಬಿನ ಪರವಾಗಿ ಗದರುವವರು ಯಾರು? ತಮಿಳುನಾಡಿನಲ್ಲಿ ರೈತರ ಪಂಪಿಗೆ ಕರೆಂಟು ಉಚಿತ. 2016ರಿಂದ ಪ್ರತಿ ಮನೆಗೂ ಎರಡು ತಿಂಗಳಿಗೆ ನೂರು ಯೂನಿಟ್ ಉಚಿತ. ಇವನ್ನು ಸಣ್ಣ ವ್ಯಾಪಾರಿ ತನ್ನ ಕೈಯಿಂದ ಕೊಡಲಾರ.

ನಮ್ಮ ಸೀಮೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ನೂರನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ತಂತಿ ಎಳೆದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ನಡುವಿನ ಹಳ್ಳಿಗಳ ನೆತ್ತಿಯ ಮೇಲೆ ವಿದ್ಯುತ್ ಹಾದುಹೋಗುತ್ತಿತ್ತು, ಕೆಳಗೆ ಹರಳೆಣ್ಣೆಯ ದೀಪ. ಹೊಸೂರು ಆಗ ಸೇಲಂ ಜಿಲ್ಲೆಯಲ್ಲಿತ್ತು. ಆ ಜಿಲ್ಲೆಯ ಕಡೆಯೂ ಖಾಸಗಿ ಕಂಪನಿಗಳಿದ್ದವು, ಸೇಲಂ–ಈರೋಡ್ ವಿದ್ಯುತ್ ವಿತರಣಾ ಕಂಪನಿ ಎಂಬುದು ಅವುಗಳಲ್ಲೊಂದು. ಪಟ್ಟಣವೆಂದರೆ ಹತ್ತಿರ ಹತ್ತಿರ ಮನೆ, ಸ್ವಲ್ಪ ತಂತಿಗೆ ಹೆಚ್ಚು ಗಿರಾಕಿ. ಅರ್ಧ ಮೈಲಿಗೊಂದು ಮನೆ ಇರುವ ಬೆಟ್ಟದ ಹಾಡಿಗಳಿಗೆ ಕಂಬ ನೆಟ್ಟದ್ದು 1957ರಲ್ಲಿ ಹುಟ್ಟಿದ ಸರ್ಕಾರಿ ಮಂಡಳಿ. ಆ ಋಣವನ್ನು ಮರೆತು ಮಾತಾಡಲು ನನಗೆ ಮನಸ್ಸಾಗುವುದಿಲ್ಲ.

ಹಾಗೆಂದು ಇರುವುದೇ ಸಾಕು ಎಂದು ನಾನು ಹೇಳುತ್ತಿಲ್ಲ. ಮಂಡಳಿಯನ್ನು 2010ರಲ್ಲಿ ಒಡೆದರು, 2024ರಲ್ಲಿ ಮತ್ತೆ ಒಡೆದು ವಿತರಣೆಗೇ ಒಂದು ನಿಗಮ ಮಾಡಿದರು. ಜನ ಮಾತ್ರ ಇ.ಬಿ. ಎಂದೇ ಕರೆಯುತ್ತಾರೆ. ಅದರ ಸಾಲ ಒಂದೂವರೆ ಲಕ್ಷ ಕೋಟಿ ರೂಪಾಯಿ ದಾಟಿತು. ದರ ನಿಗದಿಯಾಗುವುದು ಚೆನ್ನೈಯಲ್ಲಿ, ಅಲ್ಲಿನ ಭಾಷೆ ತಮಿಳು ಮತ್ತು ಇಂಗ್ಲಿಷು. ಎರಡು ತಿಂಗಳ ಉಪಯೋಗ 500 ಯೂನಿಟ್ ದಾಟಿದರೆ, ನೂರರಿಂದ ಇನ್ನೂರರವರೆಗಿನ ಯೂನಿಟ್ಟಿಗಿದ್ದ ರಿಯಾಯಿತಿ ದರವೂ ಕೈತಪ್ಪುತ್ತದೆ ಎಂಬ ಸೂಕ್ಷ್ಮ, ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡುವ ಈ ಗಡಿಯ ಎಷ್ಟು ಹೆಂಗಸರಿಗೆ ತಿಳಿದಿದೆ? ಇಷ್ಟು ದೊಡ್ಡದಾದ ಸಂಸ್ಥೆಗೆ ಒಂದು ಹಳ್ಳಿಯ ದನಿ ಕೇಳಿಸುವುದು ಕಷ್ಟ. ಸಣ್ಣದು ಬೇಕು ಎಂಬ ಆಸೆಯ ಹಿಂದೆ ಇರುವುದು ಕೇಳಿಸಿಕೊಳ್ಳುವವರು ಬೇಕು ಎಂಬ ಆಸೆಯೇ.

ಆ ಆಸೆಗೆ ತಕ್ಕ ಒಂದು ಸಂಸ್ಥೆ ಕನ್ನಡನಾಡಿನಲ್ಲೇ ಇದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ 1969ರಲ್ಲಿ ಹುಟ್ಟಿತು. ದೇಶದಲ್ಲಿ ಮೊದಲು ಆರಂಭಿಸಿದ ಐದು ಸಂಘಗಳಲ್ಲಿ ಅದೂ ಒಂದು. ಸಗಟು ವಿದ್ಯುತ್ತನ್ನು ಕೊಂಡು, ತನ್ನದೇ ಕಂಬ, ತನ್ನದೇ ತಂತಿ, ತನ್ನದೇ ಲೈನ್‌ಮನ್‌ಗಳ ಮೂಲಕ ಹಂಚುತ್ತದೆ. ಬಳಕೆದಾರರೇ ಸದಸ್ಯರು, ಆಡಳಿತ ಮಂಡಳಿಯನ್ನು ಆರಿಸುವವರೂ ಅವರೇ. ಆ ಚುನಾವಣೆ ವಿಧಾನಸಭೆಯ ಚುನಾವಣೆಯಷ್ಟೇ ಬಿರುಸಾಗಿ ನಡೆಯುತ್ತದೆಂದು ಕೆಲವರು ಮೂಗು ಮುರಿಯುತ್ತಾರೆ. ನನಗೆ ಅದು ಒಳ್ಳೆಯ ಲಕ್ಷಣವಾಗಿಯೇ ಕಾಣುತ್ತದೆ. ಕರೆಂಟು ಕೊಡುವವರನ್ನು ಆರಿಸಲು ಜನ ಸಾಲು ನಿಲ್ಲುವ ಇಂಥ ತಾಲ್ಲೂಕುಗಳು ನಮ್ಮಲ್ಲಿ ಎಷ್ಟಿವೆ? ಆದರೆ ಅದೇ ಐದರಲ್ಲಿ ಒಂದಾದ ಮಹಾರಾಷ್ಟ್ರದ ಮುಳಾ–ಪ್ರವರಾ ಸಂಘ ಸಗಟು ವಿದ್ಯುತ್ತಿನ ಬಾಕಿ ತೀರಿಸಲಾರದೆ 2011ರಲ್ಲಿ ಹಂಚಿಕೆಯ ಹಕ್ಕು ಕಳೆದುಕೊಂಡಿತು, ಊರುಗಳು ಸರ್ಕಾರಿ ಕಂಪನಿಯ ಕೈಗೆ ಮರಳಿದವು. ಸಹಕಾರ ಎಂಬ ಹೆಸರಿಟ್ಟ ಮಾತ್ರಕ್ಕೆ ಲೆಕ್ಕ ಸರಿಹೋಗುವುದಿಲ್ಲ. ಲೆಕ್ಕದ ಪುಸ್ತಕವನ್ನು ಸದಸ್ಯರು ಬಿಚ್ಚಿ ನೋಡುತ್ತಿರಬೇಕು.

ಇನ್ನೂ ಸಣ್ಣ ದಾರಿ ನಮ್ಮ ತಲೆಯ ಮೇಲೆಯೇ ಇದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟಿನ ಸೋಲಾರ್ ಹಲಗೆಗಳಿಗೆ 78,000 ರೂಪಾಯಿ ಸಹಾಯಧನ ಸಿಗುತ್ತದೆ. ನಮ್ಮ ಬಿಸಿಲಿನಲ್ಲಿ ಒಂದು ಕಿಲೋವಾಟ್ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಮೂರು ಕಿಲೋವಾಟ್ ಎಂದರೆ ಎರಡು ತಿಂಗಳಿಗೆ ಏಳುನೂರರ ಆಸುಪಾಸು, ಮಧ್ಯಮ ಸಂಸಾರಕ್ಕೆ ಧಾರಾಳ. ಹಗಲು ಹೆಚ್ಚಾದದ್ದು ತಂತಿಗೆ ಹೋಗಿ ಬಿಲ್ಲಿನಲ್ಲಿ ವಜಾ ಆಗುತ್ತದೆ. ಕಂಪನಿ ಬದಲಿಸುವುದಕ್ಕಿಂತ ಇದು ದೊಡ್ಡ ಸ್ವಾತಂತ್ರ್ಯವೆಂದೇ ನಾನು ನಂಬಿದ್ದೇನೆ, ಸ್ವಂತ ತಾರಸಿ ಇರುವ ಎಲ್ಲರಿಗೂ ಹೇಳುತ್ತಲೂ ಇರುತ್ತೇನೆ. ಆದರೆ ಹೆಂಚಿನ ಮನೆಯವರು, ಶೀಟಿನ ಮನೆಯವರು, ಬಾಡಿಗೆಯವರು ಇದರ ಹೊರಗೆ ಉಳಿಯುತ್ತಾರೆ. ರಾತ್ರಿಗೆ ಎಲ್ಲರೂ ಮತ್ತೆ ಅದೇ ಕಂಬದ ಕೆಳಗೇ ಬರಬೇಕು.

ಬಾಡಿಗೆಯವರ ಮಾತು ಬಂದಾಗ ನನಗೆ ಹೊಸೂರಿನ ಲೈನ್ ಮನೆಗಳು ನೆನಪಾಗುತ್ತವೆ. ಸಿಪ್‌ಕಾಟ್ ಕೈಗಾರಿಕಾ ವಸಾಹತಿನ ಕಾರ್ಖಾನೆಗಳಲ್ಲಿ ದುಡಿಯಲು ಬಂದವರು ಸಾಲು ಕೋಣೆಗಳಲ್ಲಿ ಇರುತ್ತಾರೆ. ಎಷ್ಟೋ ಕಡೆ ಇ.ಬಿ. ಮೀಟರು ಮಾಲೀಕರ ಹೆಸರಿನಲ್ಲಿ ಒಂದೇ. ಕೋಣೆಗಳಿಗೆ ಮಾಲೀಕರೇ ಕೂರಿಸಿದ ಸಬ್‌ಮೀಟರು, ಯೂನಿಟ್ಟಿಗೆ ಮಾಲೀಕರು ಹೇಳಿದ್ದೇ ದರ. ನೂರು ಯೂನಿಟ್ಟಿನ ಉಚಿತ ಸೌಲಭ್ಯ ಕೋಣೆಯವರೆಗೆ ಬರುವುದಿಲ್ಲ. ಒಟ್ಟು ಲೆಕ್ಕ ಐನೂರು ದಾಟಿ ಮೇಲಿನ ದರಕ್ಕೆ ಏರಿದರೆ ಅದೂ ಕೋಣೆಯವರ ಮೇಲೆಯೇ. ನಮ್ಮ ಊರಿನಲ್ಲಿ ಇರುವ ಎಲ್ಲರಿಗಿಂತ ಸಣ್ಣ ವಿದ್ಯುತ್ ಪೂರೈಕೆದಾರ ಈ ಮಾಲೀಕನೇ. ಗಿರಾಕಿಗೆ ಕೂಗಳತೆಯಲ್ಲೇ ಇರುತ್ತಾನೆ, ಹೆಸರು ಹಿಡಿದು ಮಾತಾಡಿಸುತ್ತಾನೆ. ಆದರೂ ಅವನನ್ನು ಪ್ರಶ್ನಿಸಲು ಆಯೋಗವಿಲ್ಲ, ಆರಿಸಲು ಚುನಾವಣೆಯಿಲ್ಲ, ಬಿಡುವುದೆಂದರೆ ಮನೆಯನ್ನೇ ಬಿಡುವುದು. ಸಣ್ಣದಾದರೆ ಒಳ್ಳೆಯದು ಎಂಬ ನಂಬಿಕೆಯನ್ನು ನಾನು ಕಳೆದುಕೊಂಡದ್ದು ಇಂಥ ಸಾಲುಮನೆಯೊಂದರ ಮುಂದೆ ನಿಂತಾಗ.

ಆದ್ದರಿಂದ ಹೊಸ ಕಂಪನಿಗಳನ್ನು ಕರೆಯುವ ಮೊದಲು ಬಾಗಿಲಿಗೊಂದು ಮೀಟರು ಕೊಡಿ ಎಂದು ನಾನು ಕೇಳುತ್ತೇನೆ. ಪ್ರತಿ ಸಂಸಾರವೂ ತನ್ನ ಹೆಸರಿನ ಗ್ರಾಹಕನಾಗಲಿ. ಬಿಲ್ಲು ಓದಲು ಬರುವ ಭಾಷೆಯಲ್ಲಿರಲಿ, ಈ ಗಡಿಯಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಇರಲಿ. ಬೆಟ್ಟದ ಹಳ್ಳಿಗಳಲ್ಲಿ ಹುಕ್ಕೇರಿಯಂಥ ಸಂಘವೊಂದನ್ನು ಕಟ್ಟಿ ನೋಡಲು ಅವಕಾಶವಿರಲಿ. ಅದು ಸೋತರೆ ಯಾರು ಹೊಣೆ ಹೊರುತ್ತಾರೆಂಬುದನ್ನು ಮೊದಲೇ ಬರೆದಿಡಲಿ.

ಆ ಸಾಲುಮನೆಯಲ್ಲಿ ಪಾವಗಡದ ಕಡೆಯಿಂದ ಬಂದ ಹುಡುಗನೊಬ್ಬ ಸಬ್‌ಮೀಟರಿನ ಪಕ್ಕದ ಗೋಡೆಯಲ್ಲಿ ಸೀಮೆಸುಣ್ಣದಿಂದ ತಿಂಗಳು ತಿಂಗಳ ಅಂಕಿ ಬರೆದಿಟ್ಟಿದ್ದ. ಕೂಡಿ ಕಳೆದು ತೋರಿಸಿದ, ಲೆಕ್ಕ ಸರಿಯಾಗಿತ್ತು. "ಕಟ್ಟೋಕೆ ಬೇಜಾರಿಲ್ಲ ಸಾರ್, ನನ್ನ ಹೆಸರಲ್ಲಿ ಒಂದು ರಸೀದಿ ಕೊಟ್ರೆ ಸಾಕಿತ್ತು" ಎಂದ.