ಕೈಯಾಡಿಸದ ಮನೆಗೆ ಮಳೆಯ ಮೇಲೇಕೆ ದೂರು?

ಪ್ರತಿ ವರ್ಷ ಜೂನ್ ತಿಂಗಳ ಎರಡನೆಯ ವಾರದಲ್ಲಿ ಮುಂಬಯಿಯಲ್ಲಿ ಎರಡು ಸಂಗತಿಗಳು ಹೆಚ್ಚುಕಡಿಮೆ ಒಟ್ಟಿಗೆ ಸಂಭವಿಸುತ್ತವೆ. ಒಂದು, ಮುಂಗಾರಿನ ಆಗಮನ. ಇನ್ನೊಂದು, ಮಹಾನಗರಪಾಲಿಕೆಯ ಮೇಲೆ ನಮ್ಮ ಬೈಗುಳದ ಆರಂಭ. ನಾಲೆಗಳ ಹೂಳು ಎತ್ತಲಿಲ್ಲ, ಎತ್ತಿದ್ದನ್ನು ದಡದಲ್ಲೇ ಬಿಟ್ಟರು, ಬಿಟ್ಟದ್ದು ಮೊದಲ ಮಳೆಗೆ ಮತ್ತೆ ನಾಲೆಗೇ ಇಳಿಯಿತು ಎಂದು ಲೋಕಲ್ ಗಾಡಿಯಲ್ಲಿಯೂ ಸಂಘದ ಸಭೆಗಳಲ್ಲಿಯೂ ನಾವು ಮಾತನಾಡುತ್ತೇವೆ. ಈ ಬೈಗುಳ ಅನ್ಯಾಯವೆಂದು ನಾವು ಹೇಳುವುದಿಲ್ಲ. ಆದರೆ ಹಾಗೆ ಬೈಯುವ ಮೊದಲು ನಮ್ಮಲ್ಲಿ ಪ್ರತಿಯೊಬ್ಬರೂ ಒಂದು ಪ್ರಶ್ನೆಗೆ ಉತ್ತರಿಸಬೇಕು. ನಮ್ಮ ತಲೆಯ ಮೇಲಿರುವ ತಾರಸಿಯಿಂದ ಮಳೆನೀರು ಇಳಿಯುವ ಪೈಪುಗಳು ಎಷ್ಟು? ಅವು ಗೋಡೆಯ ಯಾವ ಮೂಲೆಯಲ್ಲಿ ಇಳಿಯುತ್ತವೆ? ಅವುಗಳ ಬಾಯಿಗೆ ಕೊನೆಯ ಸಲ ಕೈ ಹಾಕಿದವರು ಯಾರು, ಯಾವಾಗ?

ಈ ಪ್ರಶ್ನೆಗೆ ನಮಗೂ ಉತ್ತರ ತಿಳಿದಿರಲಿಲ್ಲ. ನಮ್ಮದು ಉಪನಗರದ ಒಂದು ನಾಲ್ಕಂತಸ್ತಿನ, ಲಿಫ್ಟಿಲ್ಲದ ಹಳೆಯ ಕಟ್ಟಡ. ಅದರ ಸಹಕಾರಿ ಸಂಘದ ವ್ಯವಸ್ಥಾಪಕ ಸಮಿತಿಯಲ್ಲಿ ನಾವು ಮೂರು ವರ್ಷ ಸದಸ್ಯರಾಗಿದ್ದೆವು. ಆ ಅವಧಿಯಲ್ಲಿ ಕಟ್ಟಡದ ಮುಂಭಾಗಕ್ಕೆ ಬಣ್ಣ ಬಳಿಸುವ ಠರಾವಿಗೆ ಎಲ್ಲರೊಡನೆ ನಾವೂ ಕೈ ಎತ್ತಿದ್ದೆವು. ಹಿಂಭಾಗದ ಪೈಪುಗಳನ್ನು ಬದಲಾಯಿಸುವ ಮಾತು ಅದೇ ಸಭೆಯಲ್ಲಿ ಬಂದಾಗ, ಅದು ರಸ್ತೆಗೆ ಕಾಣುವುದಿಲ್ಲವೆಂದು ಯಾರೋ ಹೇಳಿದರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ವಿಷಯವನ್ನು ಮುಂದಿನ ಸಭೆಗೆ ಇಟ್ಟೆವು. ಮುಂದಿನ ಸಭೆಯಲ್ಲಿ ಅದನ್ನು ಎತ್ತುವವರಿರಲಿಲ್ಲ.

ಆ ಮಳೆಗಾಲದ ಜುಲೈ ತಿಂಗಳ ಒಂದು ರಾತ್ರಿ ಮೇಲಂತಸ್ತಿನಲ್ಲಿರುವ ನಿವೃತ್ತ ಶಿಕ್ಷಕಿಯೊಬ್ಬರ ಮನೆಯಲ್ಲಿ ಚಾವಣಿಯ ಗಿಲಾವು ಕಳಚಿ ಮಂಚದ ಮೇಲೆ ಬಿದ್ದಿತು. ಅವರ ಪತಿ ನೀರು ಕುಡಿಯಲು ಅಡುಗೆಮನೆಗೆ ಎದ್ದುಹೋಗಿ ಎರಡು ನಿಮಿಷವೂ ಆಗಿರಲಿಲ್ಲ. ನಾವು ಮೇಲೆ ಹೋಗಿ ನೋಡಿದಾಗ ಅವರ ದಿಂಬಿನ ಮೇಲೆ ತೆಂಗಿನಕಾಯಿಯ ಗಾತ್ರದ ಸಿಮೆಂಟಿನ ಹೆಂಟೆ ಇತ್ತು. ಎರಡು ವರ್ಷಗಳಿಂದ ತಾವು ಬರೆದ ಅರ್ಜಿಗಳ ಪ್ರತಿಗಳನ್ನು ಆ ತಾಯಿ ಕಪಾಟಿನಿಂದ ತೆಗೆದು ನಮ್ಮ ಕೈಗಿತ್ತರು. ಒಂದು ಮಾತೂ ಆಡಲಿಲ್ಲ. ಆ ಅರ್ಜಿಗಳಲ್ಲಿ ಒಂದರ ಮೇಲೆ ‘ಸ್ವೀಕರಿಸಲಾಗಿದೆ’ ಎಂದು ರುಜು ಮಾಡಿದವರು ನಾವೇ.

ಬೆಳಗ್ಗೆ ತಾರಸಿಗೆ ಹೋದೆವು. ಹಿಂಬದಿಯ ಅರ್ಧಭಾಗ ಕೆರೆಯಾಗಿತ್ತು. ಮೂಲೆಯ ಪೈಪಿನ ಬಾಯಿಯಿಂದ ಹೊರಬಂದ ವಸ್ತುಗಳು ಇವು: ಪಾರಿವಾಳದ ಗೂಡಿನ ಕಡ್ಡಿ ಮತ್ತು ಪುಕ್ಕಗಳ ಒಂದು ಉಂಡೆ, ಎರಡು ಹಾಲಿನ ಚೀಲಗಳು, ಪೂಜೆಯ ಹೂವನ್ನು ಗಂಟುಕಟ್ಟಿದ ಪ್ಲಾಸ್ಟಿಕ್ ಚೀಲ, ಹುಡುಗರ ಒಂದು ರಬ್ಬರ್ ಚೆಂಡು. ತೆಗೆಯಲು ಹಿಡಿದ ಸಮಯ ಅರ್ಧ ಗಂಟೆ, ತಗಲಿದ ವೆಚ್ಚ ಸೊನ್ನೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಂದರು ಎಂಬ ಗಾದೆ ನಮ್ಮಲ್ಲಿದೆ. ಆ ಮನೆಯ ಚಾವಣಿಯ ಮಟ್ಟಿಗೆ ಅದು ಅಂದು ಅಕ್ಷರಶಃ ನಿಜವಾಗಿತ್ತು.

ಇಲ್ಲಿ ಒಂದು ಸರಳ ಲೆಕ್ಕವನ್ನು ಓದುಗರ ಮುಂದಿಡುತ್ತೇವೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. 300 ಚದರ ಮೀಟರ್ ತಾರಸಿಯ ಮೇಲೆ 100 ಮಿ.ಮೀ. ಮಳೆ ಬಿದ್ದರೆ 30,000 ಲೀಟರ್ ನೀರಾಗುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಅಂಥ ದಿನಗಳು ಅಪರೂಪವಲ್ಲ. ಆ ನೀರು ಇಳಿಯದೆ ನಿಂತರೆ ಕಟ್ಟಡದ ತಲೆಯ ಮೇಲೆ 30 ಟನ್ ಭಾರ. 2005ರ ಜುಲೈ 26ರಂದು ಸಾಂತಾಕ್ರೂಜ್‌ನ ಮಳೆಮಾಪಕ ದಾಖಲಿಸಿದ್ದು 24 ಗಂಟೆಗಳಲ್ಲಿ 944 ಮಿ.ಮೀ. ಅದೇ ತಾರಸಿಗೆ ಆ ಲೆಕ್ಕದಲ್ಲಿ 2,83,000 ಲೀಟರಿಗೂ ಹೆಚ್ಚು ನೀರು. ಇಷ್ಟನ್ನೂ ಕೆಳಗೆ ಇಳಿಸಬೇಕಾದದ್ದು ಗೇಣಗಲಕ್ಕಿಂತ ಕಿರಿದಾದ ನಾಲ್ಕಾರು ಪೈಪುಗಳು. ಅಂಥ ಒಂದು ಪೈಪು ಒಡೆದಾಗ, 100 ಮಿ.ಮೀ. ವ್ಯಾಸದ್ದನ್ನು ತೆಗೆದು ಅಗ್ಗವೆಂದು 75 ಮಿ.ಮೀ. ವ್ಯಾಸದ್ದನ್ನು ಹಾಕುವುದನ್ನು ನಾವು ಕಂಡಿದ್ದೇವೆ. ಹೋದದ್ದು ಕಾಲು ಭಾಗ ಮಾತ್ರವೆಂದು ಸಮಿತಿ ಭಾವಿಸುತ್ತದೆ. ವಾಸ್ತವದಲ್ಲಿ ನೀರಿನ ದಾರಿಯ ವಿಸ್ತಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ವೃತ್ತದ ಕ್ಷೇತ್ರಫಲವನ್ನು ಶಾಲೆಯಲ್ಲಿ ಕಲಿತ ನಾವು ಸಭೆಯಲ್ಲಿ ಅದನ್ನು ಮರೆಯುತ್ತೇವೆ.

ನಮ್ಮ ಹಿರಿಯರಿಗೆ ಈ ಮರೆವು ಇರಲಿಲ್ಲ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆ ಹಿಡಿಯುವ ಮೊದಲು ಹಂಚು ಕೈಯಾಡಿಸುವುದು ಎಂಬ ಕೆಲಸವೊಂದಿತ್ತು. ರೋಹಿಣಿ ಮುಗಿದು ಮೃಗಶಿರೆ ಕಾಲಿಡುವುದರೊಳಗೆ ಮಾಡು ಹತ್ತಿ, ಜಾರಿದ ಹಂಚನ್ನು ಸರಿಸಿ, ಒಡೆದದ್ದನ್ನು ಬದಲಿಸಿ, ಸಂದಿನ ತರಗೆಲೆ ಗುಡಿಸಿ, ಸೂರಿನ ನೀರು ಹಿಡಿಯುವ ಅಡಿಕೆಮರದ ದಂಬೆಯನ್ನು ಬಿಗಿದು ಕಟ್ಟುತ್ತಿದ್ದರು. ‘ಕೈಯಾಡಿಸು’ ಎಂಬ ಆ ಮಾತನ್ನು ಗಮನಿಸಿ. ಅದು ಹೊಸದಾಗಿ ಕಟ್ಟುವುದಲ್ಲ, ಕೆಟ್ಟ ಮೇಲೆ ರಿಪೇರಿ ಮಾಡುವುದೂ ಅಲ್ಲ. ಕೆಡುವ ಮೊದಲೇ, ವರ್ಷಕ್ಕೊಮ್ಮೆ, ಇರುವುದರ ಮೇಲೆ ಒಮ್ಮೆ ಕೈಯಿಟ್ಟು ನೋಡುವುದು. ಹಂಚಿನ ಮನೆಯಿಂದ ತಾರಸಿಯ ಮನೆಗೆ ಬಂದಾಗ ನಾವು ಹಂಚಿನೊಡನೆ ಆ ಕ್ರಿಯಾಪದವನ್ನೂ ಊರಿನಲ್ಲಿ ಬಿಟ್ಟುಬಂದೆವು. ಕಾಂಕ್ರೀಟಿಗೆ ಕೈಯಾಡಿಸುವ ಅಗತ್ಯವಿಲ್ಲವೆಂದು ನಮಗೆ ಯಾರು ಹೇಳಿದರೋ ತಿಳಿಯದು.

ನೀರಿನ ದಾರಿಗೆ ಇದ್ದ ಗೌರವವೂ ಹೋಯಿತು. ನಮ್ಮ ದೇವಾಲಯಗಳಲ್ಲಿ ಅಭಿಷೇಕದ ನೀರು ಹೊರಬರುವ ಪ್ರಣಾಲಕ್ಕೆ ಶಿಲ್ಪಿ ಮಕರಮುಖವನ್ನು ಕೆತ್ತಿದ. ಇಂಗ್ಲೆಂಡಿನ ಹಳೆಯ ಮಹಲುಗಳಲ್ಲಿ ಮಳೆನೀರಿನ ಪೈಪಿನ ತಲೆಗೆ ಕೂರಿಸಿದ ಸೀಸದ ಪೆಟ್ಟಿಗೆಗಳ ಮೇಲೆ ಒಡೆಯನ ಹೆಸರಿನ ಮೊದಲಕ್ಷರಗಳನ್ನೂ ಇಸವಿಯನ್ನೂ ಮೂಡಿಸಿದ್ದಾರೆ. ಆಂಗ್ಲ ಸಾಹಿತ್ಯದ ಎಂ.ಎ. ತರಗತಿಯಲ್ಲಿ ಬಯಲಿನ ಬಿರುಗಾಳಿಗೆ ಸಿಕ್ಕ ಲಿಯರ್ ದೊರೆಯ ಬಗ್ಗೆ ಪುಟಗಟ್ಟಲೆ ಬರೆದ ನಮಗೆ, ಸೂರಿನ ಕೆಳಗಿರುವವನಿಗೂ ಮಳೆಯಿಂದ ಅಪಾಯವಿದೆಯೆಂದು ತಿಳಿಯಲು ನಲವತ್ತು ದಾಟಬೇಕಾಯಿತು.

ಪೈಪು ಹೇಗೆ ಕೆಡುತ್ತದೆ ಎಂಬುದು ಗುಟ್ಟಿನ ವಿದ್ಯೆಯಲ್ಲ. ಬೀಡುಕಬ್ಬಿಣದ ಹಳೆಯ ಪೈಪು ಮೊದಲು ತುಕ್ಕು ಹಿಡಿಯುವುದು ಗೋಡೆಗೆ ಮುಖ ಮಾಡಿರುವ ಬೆನ್ನಿನಲ್ಲಿ, ಏಕೆಂದರೆ ಬಣ್ಣದವನ ಕುಂಚ ಅಲ್ಲಿಗೆ ಹೋಗುವುದಿಲ್ಲ. ಮುಂದಿನಿಂದ ನೋಡಿದರೆ ಪೈಪು ಹೊಸತಿನಂತೆ ಹೊಳೆಯುತ್ತದೆ, ಹಿಂದಿನ ಬಿರುಕಿನಿಂದ ಗೋಡೆ ನೀರು ಕುಡಿಯುತ್ತದೆ. ಆದುದರಿಂದಲೇ ಪೈಪನ್ನು ಗೋಡೆಗೆ ಅಂಟಿಸದೆ, ಕ್ಲಾಂಪು ಹಾಕಿ ಸ್ವಲ್ಪ ದೂರ ನಿಲ್ಲಿಸಬೇಕು. ಪೈಪಿನ ಅಗಲಬಾಯಿ ಮೇಲ್ಮುಖವಾಗಿದ್ದು ಮೇಲಿನ ತುಂಡಿನ ತುದಿ ಅದರೊಳಗೆ ಕೂರಬೇಕು. ತಲೆಕೆಳಗಾಗಿ ಜೋಡಿಸಿ ಮೇಲೆ ಎಂ-ಸೀಲ್ ಮೆತ್ತಿದರೆ ಅದು ಒಂದು ಮಳೆಗಾಲಕ್ಕೆ ಮಾತ್ರ. ತಾರಸಿಯಲ್ಲಿ ಪೈಪಿನ ಬಾಯಿಯ ಸುತ್ತ ಇಳಿಜಾರಾಗಿ ಮಾಡುವ ತಗ್ಗಿಗೆ ಸರ್ಕಾರಿ ಕಾಮಗಾರಿಯ ಭಾಷೆಯಲ್ಲಿ ಖುರ್ರಾ ಎನ್ನುತ್ತಾರೆ. ಅದು ಬಿರಿದಿದ್ದರೆ ನೀರು ಪೈಪಿಗೆ ಹೋಗದೆ ಅದರ ಪಕ್ಕದಿಂದ ಚಾವಣಿಗೆ ಇಳಿಯುತ್ತದೆ. ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಊದಿಕೊಳ್ಳುತ್ತದೆ, ಊದಿದ ಸರಳು ಗಿಲಾವನ್ನು ತಳ್ಳುತ್ತದೆ. ಆ ಶಿಕ್ಷಕಿಯ ಮಂಚದ ಮೇಲೆ ಬಿದ್ದದ್ದು ಹೀಗೆ ತಳ್ಳಿಸಿಕೊಂಡ ಗಿಲಾವು.

ಸಂದುಗಳಲ್ಲಿ ಅಶ್ವತ್ಥದ ಸಸಿ ಮೊಳೆಯುತ್ತದೆ. ಅದನ್ನು ಕೀಳಬಾರದೆಂದು ಭಕ್ತಿಯಿಂದ ಹೇಳುವವರು ಪ್ರತಿ ಕಟ್ಟಡದಲ್ಲಿಯೂ ಇದ್ದಾರೆ. ಎರಡೆಲೆಯ ಸಸಿಯನ್ನು ಬೇರುಸಹಿತ ತೆಗೆದು ಮೈದಾನದ ಅಂಚಿನಲ್ಲಿ ನೆಟ್ಟರೆ ಭಕ್ತಿಗೂ ಗೋಡೆಗೂ ಕ್ಷೇಮ. ಇನ್ನು ಬಾಲ್ಕನಿಯನ್ನು ಮುಚ್ಚಿ, ಬಟ್ಟೆ ಒಗೆಯುವ ಯಂತ್ರವನ್ನೋ ಪಾತ್ರೆ ತೊಳೆಯುವ ತೊಟ್ಟಿಯನ್ನೋ ಇಟ್ಟು, ಆ ನೀರನ್ನು ಮಳೆನೀರಿನ ಪೈಪಿಗೆ ಸೇರಿಸುವವರ ಮಾತು. ಅವರಿಗೆ ಸಮಿತಿ ನೋಟೀಸು ಕೊಡುತ್ತದೆ, ಅವರು ನಯವಾಗಿ ತಲೆಯಾಡಿಸುತ್ತಾರೆ. ಉತ್ತರದವರಲ್ಲಿ ಒಂದು ಗಾದೆಯಿದೆ: ಪಂಚರ ಮಾತು ಶಿರಸಾವಹಿಸುತ್ತೇವೆ, ಆದರೆ ನಮ್ಮ ಪರ್ನಾಲೆಯ ನೀರು ಬೀಳುವುದು ಮಾತ್ರ ಅಲ್ಲಿಯೇ. ಪರ್ನಾಲೆಯೆಂದರೆ ನಮ್ಮ ಪ್ರಣಾಲವೇ. ಈ ಹಟದಲ್ಲಿ ಉತ್ತರ ದಕ್ಷಿಣಗಳ ಭೇದವಿಲ್ಲ.

ಈಗ ನಮಗೆ ಎದುರಾಗುವ ವಾದಗಳನ್ನು ನೋಡೋಣ. ಮೊದಲನೆಯದು, ಸೋರುವುದು ಮೇಲಂತಸ್ತಿನವರಿಗೆ ಮಾತ್ರ, ಅವರೇ ನೋಡಿಕೊಳ್ಳಲಿ ಎಂಬುದು. ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸಂಘಗಳ ಮಾದರಿ ಉಪವಿಧಿಗಳು ಇದಕ್ಕೆ ಎಂದೋ ಉತ್ತರ ಕೊಟ್ಟಿವೆ. ಮಳೆನೀರಿನ ಸೋರಿಕೆ, ಹೊರಗಿನ ಸಾಮಾನ್ಯ ಪೈಪುಗಳ ಸೋರಿಕೆ, ತಾರಸಿಯಿಂದ ಸೋರಿ ಮೇಲಂತಸ್ತಿನ ಚಾವಣಿಗೆ ಆಗುವ ಹಾನಿ, ಇವೆಲ್ಲದರ ದುರಸ್ತಿ ಸಂಘದ ಖರ್ಚಿನಲ್ಲಿ ಆಗಬೇಕು. ಅದಕ್ಕೆಂದೇ ನಿರ್ಮಾಣವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ ಶೇ. 0.75ರಷ್ಟು ದುರಸ್ತಿ ನಿಧಿಯನ್ನು ಎಲ್ಲರಿಂದಲೂ ಕೂಡಿಸಬೇಕು. ಕೂಡಿಸುತ್ತಲೂ ಇದ್ದೇವೆ. ನಿರಖು ಠೇವಣಿಯಲ್ಲಿಟ್ಟು, ಬಡ್ಡಿ ಎಷ್ಟು ಬಂತೆಂದು ವಾರ್ಷಿಕ ಸಭೆಯಲ್ಲಿ ಚಪ್ಪಾಳೆ ತಟ್ಟುತ್ತೇವೆ.

ಎರಡನೆಯದು, ಬಿಡಿಬಿಡಿಯಾಗಿ ಏಕೆ, ಒಮ್ಮೆಗೇ ಇಡೀ ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸೋಣ ಎಂಬುದು. ಮಾಡಿಸಿ, ಅಡ್ಡಿಯಿಲ್ಲ. ಆದರೆ ಇಳಿಯುವ ದಾರಿ ಕಟ್ಟಿಕೊಂಡಿರುವ ತಾರಸಿಗೆ ಎಷ್ಟು ಪದರ ಬಳಿದರೂ ಅದು ತೂತಿಲ್ಲದ ಬಾನಿಯಾಗುತ್ತದೆಯೇ ಹೊರತು ಮನೆಯ ಮೇಲ್ಛಾವಣಿಯಾಗುವುದಿಲ್ಲ.

ಮೂರನೆಯದೇ ಇಂದು ಮುಂಬಯಿಯ ಎಲ್ಲ ಹಳೆಯ ಕಟ್ಟಡಗಳಲ್ಲಿ ಕೇಳಿಬರುವ ವಾದ. ಹೇಗೂ ರೀಡೆವಲಪ್‌ಮೆಂಟ್ ಬರಲಿದೆ, ಕೆಡವುವ ಕಟ್ಟಡಕ್ಕೆ ಏಕೆ ಹಣ ಸುರಿಯಬೇಕು? ಇದನ್ನು ಕೇಳಿದಾಗಲೆಲ್ಲ ನಮಗೆ ನಿಜಕ್ಕೂ ಸಿಟ್ಟು ಬರುತ್ತದೆ. ಬಿಲ್ಡರನನ್ನು ಆರಿಸುವುದರಲ್ಲಿ, ಚದರಡಿಯ ಚೌಕಾಸಿಯಲ್ಲಿ, ಒಪ್ಪದವರನ್ನು ಒಪ್ಪಿಸುವುದರಲ್ಲಿ ಎಷ್ಟು ಮಳೆಗಾಲಗಳು ಕಳೆಯುತ್ತವೆ ಎಂಬುದು ಈ ಊರಿನಲ್ಲಿರುವವರಿಗೆ ಗೊತ್ತು. ಅಷ್ಟು ವರ್ಷವೂ ಆ ಚಾವಣಿಯ ಕೆಳಗೆ ಜನ ಮಲಗಬೇಕಲ್ಲವೇ? ನಾಳಿನ ಹೊಸ ಮನೆಯ ಆಸೆಗೆ ಇಂದಿನ ಮನೆಯವರ ತಲೆಯನ್ನು ಒಡ್ಡುವ ಹಕ್ಕು ಯಾವ ಬಹುಮತಕ್ಕೂ ಇಲ್ಲ.

ಇದರ ಮೂಲ ಹಣದ ಕೊರತೆಯಲ್ಲಿ ಇಲ್ಲ. ಎರಡು ದಶಕಗಳ ಕೇಂದ್ರ ಸರ್ಕಾರಿ ನೌಕರಿಯಲ್ಲಿ ನಾವು ಅನೇಕ ಉದ್ಘಾಟನಾ ಫಲಕಗಳನ್ನು ಕಂಡಿದ್ದೇವೆ. ಇಂಥ ವರ್ಷ ಇಂಥವರು ಈ ಪೈಪುಗಳನ್ನು ಶುಚಿಗೊಳಿಸಿದರು ಎಂಬ ಫಲಕವನ್ನು ಎಲ್ಲಿಯೂ ಕಾಣಲಿಲ್ಲ. ಕಟ್ಟಿದವನಿಗೆ ಹೆಸರಿದೆ, ಕಾಪಾಡಿದವನಿಗೆ ಇಲ್ಲ. ನಮ್ಮ ಭಾಷಾಬಾಂಧವರೇ ಬೆವರು ಸುರಿಸಿ ಕಟ್ಟಿದ ಒಂದು ಸಂಘದ ಕಟ್ಟಡದಲ್ಲಿ, ಪಕ್ಕದ ಪೈಪು ಒಡೆದು ಗೋಡೆ ಒದ್ದೆಯಾಗಿ, ಗ್ರಂಥಾಲಯದ ಒಂದು ಕಪಾಟಿನ ಕನ್ನಡ ಪುಸ್ತಕಗಳು ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡದ್ದನ್ನು ನಾವು ನೋಡಿದ್ದೇವೆ. ಅದೇ ವರ್ಷ ಅಲ್ಲಿ ಕನ್ನಡ ಉಳಿಸುವ ಬಗ್ಗೆ ಎರಡು ವಿಚಾರಗೋಷ್ಠಿಗಳು ನಡೆದವು. ಎರಡರಲ್ಲಿಯೂ ನಾವು ಸಭಿಕರಾಗಿದ್ದೆವು.

ಕೊನೆಯದಾಗಿ, ಈ ಕೆಲಸವನ್ನು ಮಾಡುವವನ ಮಾತು. ನಾವು ಕೆಳಗೆ ಛತ್ರಿ ಹಿಡಿದು ನಿಂತಿರುವಾಗ, ಹಗ್ಗಕ್ಕೆ ಹಲಗೆ ಕಟ್ಟಿಕೊಂಡು ಮಳೆಯಲ್ಲಿಯೇ ಗೋಡೆಗೆ ಜೋತುಬಿದ್ದು ಪೈಪು ಬಿಗಿಯುವ ಹುಡುಗನನ್ನು ನೆನೆಯಿರಿ. ಅವನು ಮಳೆಯಲ್ಲಿ ಏಕೆ ಇಳಿಯಬೇಕಾಯಿತು? ಮೇ ತಿಂಗಳಲ್ಲಿ ನಾವು ಅವನನ್ನು ಕರೆಯಲಿಲ್ಲ, ಅದಕ್ಕೆ. ಸಾರುವೆ ಏಕಿಲ್ಲ, ಸೊಂಟದಲ್ಲಿ ಸುರಕ್ಷಾಪಟ್ಟಿ ಏಕಿಲ್ಲ? ಅವುಗಳ ಬಾಡಿಗೆ ಸೇರಿಸಿದ ದರಪತ್ರವನ್ನು ನಾವು ಹೆಚ್ಚಾಯಿತೆಂದು ತಳ್ಳಿಹಾಕಿದೆವು, ಅದಕ್ಕೆ. ನಮ್ಮ ಆಲಸ್ಯದ ಬೆಲೆಯನ್ನು ಅವನು ತನ್ನ ಪ್ರಾಣವನ್ನು ಪಣಕ್ಕಿಟ್ಟು ತೆರುತ್ತಾನೆ. ನಾಲೆಯ ಗುತ್ತಿಗೆದಾರನನ್ನು ಕಳ್ಳನೆನ್ನುವ ನಮ್ಮ ನಾಲಗೆ ಇಲ್ಲಿ ಏನೆನ್ನುತ್ತದೆ?

ನಾವು ಕೇಳುವುದು ದೊಡ್ಡದೇನಲ್ಲ. ಮೇ ತಿಂಗಳ ಒಂದು ಭಾನುವಾರ ಸಮಿತಿಯವರು ತಾರಸಿ ಹತ್ತಲಿ. ಪ್ರತಿ ಪೈಪಿನ ಬಾಯಿಯನ್ನು ಶುಚಿ ಮಾಡಿ ಜಾಲರಿ ಕೂರಿಸಲಿ. ಒಂದೊಂದಕ್ಕೂ ನಾಲ್ಕು ಕೊಡ ನೀರು ಸುರಿದು, ಅದು ಕೆಳಗೆ ಸರಾಗವಾಗಿ ಬರುತ್ತದೆಯೇ, ನಡುವೆ ಎಲ್ಲಿ ಜಿನುಗುತ್ತದೆ ಎಂದು ಇನ್ನೊಬ್ಬರು ನಿಂತು ನೋಡಲಿ. ಬುಡದ ತಿರುವಿನಲ್ಲಿ ಕೂತ ಹೂಳನ್ನು ತೆಗೆಸಲಿ. ಸಡಿಲವಾದ ಕ್ಲಾಂಪು, ಬಿರಿದ ಸಂದು, ತುಕ್ಕು ಹಿಡಿದ ಬೆನ್ನು, ಇವನ್ನು ಪಟ್ಟಿ ಮಾಡಿ, ಒಣಹವೆಯಲ್ಲಿ, ಸಾರುವೆ ಕಟ್ಟಿಸಿ, ಪೂರ್ತಿ ಕೂಲಿ ಕೊಟ್ಟು ಸರಿಪಡಿಸಲಿ. ಆ ದಿನಾಂಕವನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಲಿ. ಜುಲೈ ನಡುವಿನಲ್ಲಿ ಮತ್ತೊಮ್ಮೆ ಹತ್ತಿ ನೋಡಲಿ, ಏಕೆಂದರೆ ಪಾರಿವಾಳಗಳು ನಮ್ಮ ಠರಾವನ್ನು ಓದುವುದಿಲ್ಲ.

ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎಂದರು ನಮ್ಮ ಹಿರಿಯರು. ಆ ಮಾತು ಮುಂಬಯಿಗೂ ಸಲ್ಲುತ್ತದೆ. ನಮ್ಮ ಕಟ್ಟಡದ ಹಿಂಬದಿಯ ನಾಲ್ಕು ಪೈಪುಗಳು ಈಗ ಹೊಸವು, ಮುಂಭಾಗದ ಬಣ್ಣ ಮಾತ್ರ ಅಲ್ಲಲ್ಲಿ ಮಾಸಿದೆ. ಆ ಶಿಕ್ಷಕಿ ಮತ್ತೆ ಅರ್ಜಿ ಬರೆದಿಲ್ಲ. ಆದರೂ ಅವರ ಪತಿಯ ಮಂಚ ಇಂದಿಗೂ ನಡುಮನೆಯಲ್ಲಿ, ಬಾಗಿಲ ತೊಲೆಯ ಕೆಳಗೇ ಇದೆ. ಅದನ್ನು ಒಳಗಿನ ಕೋಣೆಗೆ ಹಾಕಿಕೊಳ್ಳಿ ಎಂದು ಹೇಳುವ ಧೈರ್ಯ ನಮಗೆ ಇನ್ನೂ ಬಂದಿಲ್ಲ.