ಜೇನುತೋಟದ ನೋಟ ಮತ್ತು ಜೇನುಗಾರನ ಕಾಯಕ

ನಮ್ಮ ವಿದ್ಯಾಸಂಸ್ಥೆಗಳ ಸಭೆ ಸಮಾರಂಭಗಳಲ್ಲಿ ಜೇನ್ನೊಣವನ್ನು ಕಾಯಕ ಮತ್ತು ದಾಸೋಹಗಳ ಮಾದರಿಯೆಂದು ಕೊಂಡಾಡುವುದು ವಾಡಿಕೆಯಾಗಿಬಿಟ್ಟಿದೆ. ಹೂವಿಗೆ ನೋವಾಗದಂತೆ ಮಕರಂದವನ್ನು ಹೀರಿ ಲೋಕಕ್ಕೆ ಸಿಹಿಯುಣಿಸುವ ಜೀವಿಯೆಂಬ ಮಾತನ್ನು ಕೇಳದ ವಿದ್ಯಾರ್ಥಿ ವಿರಳ. ಕಾಯಕದ ಮಾತು ಸರಿ. ದಾಸೋಹದ ಮಾತನ್ನು ಮಾತ್ರ ನಾನು ಒಪ್ಪಲಾರೆ. ಜೇನು ತನ್ನ ತುಪ್ಪವನ್ನು ಯಾರಿಗೂ ನೀಡುವುದಿಲ್ಲ. ಹೂವಿಲ್ಲದ ಕಾಲಕ್ಕೆಂದು ತನ್ನ ಸಂಸಾರಕ್ಕಾಗಿ ಕೂಡಿಡುತ್ತದೆ, ನಾವು ತೆಗೆದುಕೊಳ್ಳುತ್ತೇವೆ. ಹಾಗೆ ತೆಗೆದುಕೊಂಡವನು ಮಳೆಗಾಲದಲ್ಲಿ ಸಕ್ಕರೆಯ ಪಾಕವನ್ನಿಟ್ಟು ಅದನ್ನು ಉಳಿಸಿಕೊಳ್ಳಬೇಕಾಗುತ್ತದೆ. ಈ ಕೊಡುಕೊಳೆಯ ಲೆಕ್ಕ ಭಾಷಣದಲ್ಲಿ ತಿಳಿಯದು. ಜೇನು ಸಾಕುವಲ್ಲಿಗೆ ಹೋಗಿ ನೋಡಿದರೆ ತಿಳಿಯುತ್ತದೆ. ಆದುದರಿಂದಲೇ ಶೈಕ್ಷಣಿಕ ಪ್ರವಾಸಗಳ ಪಟ್ಟಿಯಲ್ಲಿ ಜೇನುತೋಟವೂ ಸೇರಿಕೊಳ್ಳುತ್ತಿರುವುದು ಸಂತೋಷದ ಸಂಗತಿ. ಆದರೆ ಅದನ್ನು ನೋಡುವ ಬಗೆಯನ್ನು ಕುರಿತು ಅಧ್ಯಾಪಕ ಬಂಧುಗಳೊಡನೆಯೂ ದಾನಿಗಳೊಡನೆಯೂ ಕೆಲವು ಮಾತುಗಳನ್ನು ಆಡಬೇಕಾಗಿದೆ.

ಬಯಲುಸೀಮೆಯ ಶಾಲೆಗಳ ಬಸ್ಸುಗಳು ಕೊಡಗಿಗೆ ಹೋದಾಗ ತಲಕಾವೇರಿ, ಭಾಗಮಂಡಲಗಳ ದರ್ಶನದೊಡನೆ ಜೇನುಪೆಟ್ಟಿಗೆಗಳ ದರ್ಶನವೂ ಆಗುವುದುಂಟು. ಆಗುವುದೇನು? ಐವತ್ತು ಮಕ್ಕಳು ಒಮ್ಮೆಗೇ ಇಳಿಯುತ್ತಾರೆ. ಜೇನುಗಾರನು ಒಂದು ಪೆಟ್ಟಿಗೆಯ ಮುಚ್ಚಳ ತೆಗೆದು ಚೌಕಟ್ಟನ್ನು ಮೇಲೆತ್ತುತ್ತಾನೆ. ಮುಂದೆ ನಿಂತವರು ಚೀರುತ್ತಾರೆ, ಹಿಂದೆ ನಿಂತವರಿಗೆ ಏನೂ ಕಾಣುವುದಿಲ್ಲ. ಅಂಗೈಗೆ ಒಂದು ಹನಿ ತುಪ್ಪ, ನಾಲ್ಕು ಛಾಯಾಚಿತ್ರ, ಬಾಟಲಿಯ ಬೆಲೆಯಲ್ಲಿ ಚೌಕಾಸಿ. ಅರ್ಧ ಗಂಟೆಯೊಳಗೆ ಬಸ್ಸು ಹೊರಟಿರುತ್ತದೆ. ಇದನ್ನು ಶಿಕ್ಷಣವೆಂದು ಕರೆಯಲು ನನಗೆ ಸಂಕೋಚವಾಗುತ್ತದೆ.

ಇದರಿಂದ ಕಲಿಕೆಯಾಗದಿರುವುದು ಒಂದು ಕಡೆ. ಜೇನಿಗೆ ಆಗುವ ಹಾನಿ ಇನ್ನೊಂದು ಕಡೆ. ನಮ್ಮ ನಾಡಿನ ತುಡುವೆ ಜೇನು ಬಹಳ ಸೂಕ್ಷ್ಮ ಸ್ವಭಾವದ್ದು. ಮರಿಗಳಿರುವ ಏರಿಗಳ ನಡುವೆ ಅದು ಸುಮಾರು 33ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಕಾಯ್ದುಕೊಳ್ಳುತ್ತದೆ. ಚಳಿಯ ಗಾಳಿಯಲ್ಲಿ ಪೆಟ್ಟಿಗೆ ತೆರೆದಾಗಲೆಲ್ಲ ಆ ಉಷ್ಣತೆಯನ್ನು ಮತ್ತೆ ಮೊದಲಿನ ಮಟ್ಟಕ್ಕೆ ತರಲು ಅದು ಶ್ರಮಿಸಬೇಕು. ಪದೇ ಪದೇ ಕಾಟವಾದರೆ ಇಡೀ ಕುಟುಂಬವೇ ಪೆಟ್ಟಿಗೆ ಬಿಟ್ಟು ಹಾರಿಹೋಗುವುದು ತುಡುವೆಯ ಸಹಜ ಗುಣ. ಪ್ರವಾಸಿಗರ ಕುತೂಹಲಕ್ಕಾಗಿ ದಿನಕ್ಕೆ ಹತ್ತು ಸಲ ಮುಚ್ಚಳ ತೆಗೆಯಬೇಕಾದ ಜೇನುಗಾರನು, ಬಾಟಲಿ ಮಾರಿ ಗಳಿಸಿದ್ದನ್ನು ಬರಿದಾದ ಪೆಟ್ಟಿಗೆಯಲ್ಲಿ ಕಳೆದುಕೊಳ್ಳುವ ಸಂಭವವಿದೆ.

ಆ ಪೆಟ್ಟಿಗೆಯ ಕಥೆಯೇ ಒಂದು ಪಾಠ. ಜೇನು ತನ್ನ ಏರಿಗಳ ನಡುವೆ ಓಡಾಟಕ್ಕೆಂದು ಬಿಡುವ ಕಿರಿದಾದ ಅಂತರವನ್ನು ಅನುಸರಿಸಿ, ಬೇಕಾದಾಗ ಎತ್ತಿ ಇಳಿಸಬಹುದಾದ ಚೌಕಟ್ಟುಗಳನ್ನು ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1850ರ ದಶಕದ ಆರಂಭದಲ್ಲಿ ರೂಢಿಗೆ ತಂದನು. ದೇಹದಲ್ಲಿ ಚಿಕ್ಕದಾದ ನಮ್ಮ ತುಡುವೆಗೆ ಹೊಂದುವಂತೆ ಪೆಟ್ಟಿಗೆಯನ್ನು ಕಿರಿದುಗೊಳಿಸಿದವರು 1910ರ ದಶಕದಲ್ಲಿ ತಿರುಚಿನಾಪಳ್ಳಿಯಲ್ಲಿದ್ದ ನ್ಯೂಟನ್ ಎಂಬ ಪಾದ್ರಿಗಳು. ಇಂದಿಗೂ ದಕ್ಷಿಣ ಭಾರತದಲ್ಲಿ ಅದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಕೆಳಗೆ ಸಂಸಾರದ ಕೋಣೆ, ಮೇಲೆ ತುಪ್ಪದ ಕೋಣೆ. ಏರಿಯನ್ನು ಹಿಂಡದೆ, ಮರಿಗಳನ್ನು ಕೊಲ್ಲದೆ, ಯಂತ್ರದಲ್ಲಿ ತಿರುಗಿಸಿ ತುಪ್ಪ ತೆಗೆಯುವ ಈ ವಿಧಾನವನ್ನು ಕಂಡ ಹುಡುಗನಿಗೆ ಅಹಿಂಸೆಯ ಕುರಿತು ಬೇರೆ ಉಪನ್ಯಾಸ ಬೇಕಾಗಲಾರದು.

ಅನಂತರ ಆ ಸೀಮೆಯ ಕಾಫಿ ತೋಟದ ಕಡೆಗೆ ಮಕ್ಕಳ ಗಮನ ಸೆಳೆಯಬೇಕು. ಬೇಸಿಗೆಯ ಮೊದಲ ಹೂಮಳೆ ಬಿದ್ದು ಸುಮಾರು ಹತ್ತು ದಿನಗಳಲ್ಲಿ ಕಾಫಿ ಗಿಡಗಳು ಬೆಳ್ಳಗೆ ಅರಳುತ್ತವೆ. ಕೆಲವೇ ದಿನಗಳಲ್ಲಿ ಆ ಸಂಭ್ರಮ ಮುಗಿಯುತ್ತದೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೊಬಸ್ಟಾಗೆ ಬೇರೊಂದು ಗಿಡದ ಪರಾಗ ಬೇಕು. ಅದನ್ನು ತರುವ ಕೆಲಸದಲ್ಲಿ ಗಾಳಿಯೊಡನೆ ಜೇನೂ ಪಾಲುಗೊಳ್ಳುತ್ತದೆ. ಸೂರ್ಯಕಾಂತಿ ಬೆಳೆಯುವ ನಮ್ಮ ಭಾಗದ ರೈತರ ಮಕ್ಕಳಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಜೇನುಗಾರನು ಕೇಳದೆ ಹೇಳದ ಇನ್ನೊಂದು ಸಂಗತಿಯಿದೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಿಗೆ ತಗುಲಿತು. ಮರಿಹುಳುಗಳು ಕೋಶಾವಸ್ಥೆಗೆ ಹೋಗುವ ಮುನ್ನವೇ ನೀರು ತುಂಬಿದ ಚೀಲಗಳಂತಾಗಿ ಸತ್ತವು. ಔಷಧವಿರಲಿಲ್ಲ. ಬಹುಪಾಲು ಪೆಟ್ಟಿಗೆಗಳು ಬರಿದಾದವು. ಎಷ್ಟೋ ಮಂದಿ ಈ ಕಸುಬನ್ನೇ ಬಿಟ್ಟರು. ಬಿಡದೆ ನಿಂತವರು ಬದುಕುಳಿದ ಕೆಲವು ಕುಟುಂಬಗಳನ್ನು ಹುಡುಕಿ, ವಿಭಜಿಸಿ, ವರ್ಷಗಟ್ಟಲೆ ಕಾದು ಮತ್ತೆ ಪೆಟ್ಟಿಗೆ ತುಂಬಿಸಿದರು. ನಮ್ಮ ಮಕ್ಕಳು ಕಾಯಕವೆಂಬ ಶಬ್ದದ ಅರ್ಥವನ್ನು ನೊಣಕ್ಕಿಂತ ಹೆಚ್ಚಾಗಿ ಈ ಮನುಷ್ಯನ ಬಾಯಿಂದ ಕೇಳಬೇಕೆಂದು ನನ್ನ ಆಗ್ರಹ. ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಬೆಳೆದವರಿಗೆ, ತಟ್ಟೆಗೆ ಬಂದ ತುತ್ತಿನ ಹಿಂದೆ ಎಷ್ಟು ಕೈಗಳಿರುತ್ತವೆಂಬುದು ಹೊಸ ವಿಷಯವೇನಲ್ಲ.

ಬಾಟಲಿಯ ವಿಷಯವನ್ನು ಬೇಗ ಮುಗಿಸುತ್ತೇನೆ. ತುಪ್ಪ ಹರಳುಗಟ್ಟಿತೆಂದು ಕಲಬೆರಕೆಯ ಆರೋಪ ಹೊರಿಸುವುದು ಅಜ್ಞಾನ. ಶುದ್ಧ ಜೇನೂ ಹರಳುಗಟ್ಟುತ್ತದೆ. ಬೆಂಕಿಕಡ್ಡಿ ಅದ್ದಿ ಉರಿಸುವ, ನಾಯಿಗೆ ನೆಕ್ಕಿಸುವ ಪರೀಕ್ಷೆಗಳನ್ನು ವಿಜ್ಞಾನದ ಅಧ್ಯಾಪಕರಾದರೂ ಕೈಬಿಡಬೇಕು.

ನಮ್ಮ ಪ್ರವಾಸಗಳು ಸಾಮಾನ್ಯವಾಗಿ ಡಿಸೆಂಬರಿನಲ್ಲಿ ನಡೆಯುತ್ತವೆ. ಅದು ಕೊಡಗಿನಲ್ಲಿ ತುಪ್ಪ ತೆಗೆಯುವ ಕಾಲವಲ್ಲ. ಆಗ ಮಾರುವುದು ಹಿಂದಿನ ಬೇಸಿಗೆಯ ತುಪ್ಪ. ಆದರೆ ಮಳೆ ಕಳೆದು ಕುಟುಂಬಗಳು ಚೇತರಿಸಿಕೊಂಡು, ಹೊಸ ರಾಣಿಯ ಕೋಶಗಳು ಕಾಣಿಸಿಕೊಂಡು, ವಿಭಜನೆಯ ಕೆಲಸ ನಡೆಯುವ ದಿನಗಳವು. ಕಲಿಯುವವನಿಗೆ ಅದಕ್ಕಿಂತ ಒಳ್ಳೆಯ ಕಾಲವುಂಟೆ? ಪ್ರವಾಸಕ್ಕೆ ಉದಾರವಾಗಿ ನೆರವು ನೀಡುವ ಹಳೆಯ ವಿದ್ಯಾರ್ಥಿಗಳು ಬಸ್ಸಿನ ಬಾಡಿಗೆಯೊಡನೆ ಜೇನುಗಾರನಿಗೆ ಒಂದು ಗೌರವಧನವನ್ನೂ ಸೇರಿಸಲಿ. ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟನ್ನೇ ಕೊಟ್ಟರೂ ಸಾಕು. ಬಾಟಲಿ ಮಾರುವ ಅವಸರವಿಲ್ಲದೆ ಅವನು ಎರಡು ಗಂಟೆ ನಿಂತು ಹೇಳಬಲ್ಲನು. ಹೊರಡುವ ಮುನ್ನ ಸುಗಂಧ ಹಚ್ಚಬಾರದೆಂದೂ ಕಪ್ಪು ಉಡುಪು ಬೇಡವೆಂದೂ ಮಕ್ಕಳಿಗೆ ತಿಳಿಸಿ, ಜೇನು ಕಡಿದರೆ ಮೈ ಊದಿ ಉಸಿರು ಕಟ್ಟುವವರು ಯಾರಾದರೂ ಇದ್ದಾರೆಯೇ ಎಂದು ಪೋಷಕರಿಂದ ಕೇಳಿಕೊಳ್ಳಬೇಕು. ಪೆಟ್ಟಿಗೆಯ ಬಳಿಗೆ ಒಮ್ಮೆಗೆ ಹತ್ತು ಮಕ್ಕಳಿಗಿಂತ ಹೆಚ್ಚು ಜನ ಬೇಡ, ತೆರೆಯುವ ಪೆಟ್ಟಿಗೆಗಳು ಎಷ್ಟೆಂಬುದನ್ನು ಜೇನುಗಾರನೇ ನಿರ್ಧರಿಸಲಿ. ಉಳಿದ ನಲವತ್ತು ಮಂದಿಯನ್ನು ಆ ಹೊತ್ತಿನಲ್ಲಿ ಇನ್ನೊಬ್ಬ ಅಧ್ಯಾಪಕರು ಭಾಗಮಂಡಲದ ಸಂಗಮಕ್ಕೆ ಕರೆದೊಯ್ಯಬಹುದು.