ದೀಪದ ಲಂಗಕ್ಕೆ ಎಂಜಿನಿಯರ್ ಸಾಲದು, ಟೈಲರ್ ಬೇಕು

ಸ್ಕೂಲ್ ಡೇ ಸೀಸನ್ ಶುರುವಾಯ್ತು ಅಂದ್ರೆ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಒಂದು ವಿಡಿಯೊ ಬಂದೇ ಬರುತ್ತೆ. ಕತ್ತಲೆ ಸ್ಟೇಜು, ಪುಟ್ಟ ಹುಡುಗಿ, ಅವಳ ಲಂಗದ ತುಂಬ ಮಿಣುಕು ಹುಳು ಕೂತ ಹಾಗೆ ದೀಪ. ಕೆಳಗಡೆ ಒಂದು ಮೆಸೇಜು: "ನೀನು ಎಂಜಿನಿಯರ್ ಅಲ್ವಾ, ನಮ್ಮ ಪಾಪುಗೂ ಒಂದು ಮಾಡ್ಕೊಡು."

ಮಾಡ್ಕೊಡಬಹುದು, ಕಷ್ಟ ಇಲ್ಲ. ಆದರೆ ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಇದರಲ್ಲಿ ಕರೆಂಟಿನ ಕೆಲಸ ಹತ್ತು ನಿಮಿಷದ್ದು. ಉಳಿದಿದ್ದೆಲ್ಲ ಹೊಲಿಗೆಯದು. ದೀಪದ ಬಟ್ಟೆ ಕೆಟ್ಟು ಹೋಗೋದು ಬಹುತೇಕ ಬಟ್ಟೆಯ ಕಡೆಯಿಂದಲೇ.

ಈ ಹುಚ್ಚು ಹೊಸದೇನಲ್ಲ. 1883ರಲ್ಲಿ ನ್ಯೂಯಾರ್ಕಿನ ಆಲಿಸ್ ವ್ಯಾಂಡರ್‌ಬಿಲ್ಟ್ ಎಂಬ ಶ್ರೀಮಂತ ಮಹಿಳೆ ಒಂದು ಪಾರ್ಟಿಗೆ 'ವಿದ್ಯುದ್ದೀಪ'ದ ವೇಷದಲ್ಲಿ ಹೋಗಿದ್ದರು. ಆ ಗೌನು ಈಗಲೂ ಅಲ್ಲಿನ ನಗರ ಮ್ಯೂಸಿಯಂನಲ್ಲಿದೆ. ನಮ್ಮ ಅಪ್ಪ ಅಮ್ಮನ ಕಾಲದವರಿಗೆ ಈ ವಿಷಯ ಎತ್ತಿದರೆ ನೆನಪಾಗೋದು 1981ರ 'ಯಾರಾನಾ' ಸಿನಿಮಾ. 'ಸಾರಾ ಜಮಾನಾ' ಹಾಡಿನಲ್ಲಿ ಅಮಿತಾಭ್ ಬಚ್ಚನ್ ಮೈತುಂಬ ಬಲ್ಬು ಹಾಕ್ಕೊಂಡು ಕುಣೀತಾರಲ್ಲ, ಅದಕ್ಕೆ ಬ್ಯಾಟರಿ ಇರಲಿಲ್ಲ. ವೈರು ಕಾಲಿನಿಂದ ನೇರ ಪ್ಲಗ್ಗಿಗೆ. ಶಾಕ್ ಹೊಡೆದಿದ್ದಕ್ಕೇ ಅಷ್ಟು ಕುಣಿದೆ ಅಂತ ಅವರೇ ಆಮೇಲೆ ತಮಾಷೆಯಾಗಿ ಹೇಳಿದ್ದಾರೆ. ತಮಾಷೆ ಅವರಿಗೆ ಬಿಡಿ. ದೀಪಾವಳಿಯ 230 ವೋಲ್ಟಿನ ಸೀರಿಯಲ್ ಸೆಟ್ಟನ್ನು ಯಾವ ಕಾರಣಕ್ಕೂ ಮೈಮೇಲೆ ಹಾಕಬೇಡಿ.

ನಮಗೆ ಬೇಕಿರೋದು ಬ್ಯಾಟರಿಯ ಫೇರಿ ಲೈಟ್. ಎಸ್‌ಪಿ ರೋಡಲ್ಲೂ ಸಿಗುತ್ತೆ, ಆನ್‌ಲೈನಲ್ಲೂ ಸಿಗುತ್ತೆ. ತೆಳು ತಾಮ್ರದ ತಂತಿ, ಅದರ ಮೇಲೆ ಸಬ್ಬಕ್ಕಿ ಕಾಳಿನಷ್ಟು ಎಲ್ಇಡಿ. ರಿಮೋಟಿಗೆ ಹಾಕೋ ಥರದ ಎರಡೋ ಮೂರೋ ಎಎ ಸೆಲ್ ಸಾಕು. ಮೂರರಿಂದ ನಾಲ್ಕೂವರೆ ವೋಲ್ಟ್, ಶಾಕ್ ಹೊಡೆಯೋ ಮಾತೇ ಇಲ್ಲ.

ಈಗ ಹೊಲಿಗೆ. ನಮ್ಮ ದೊಡ್ಡಮ್ಮ ನಲವತ್ತು ವರ್ಷದಿಂದ ಮನೆಯಲ್ಲೇ ಹೊಲಿಯೋರು. ಹೋದ ವರ್ಷ ಈ ಕೆಲಸ ಅವರ ಮುಂದಿಟ್ಟಾಗ ತಂತಿಯನ್ನು ಬೆರಳಿಗೆ ಸುತ್ತಿ ನೋಡಿ, "ಇದನ್ನ ವೈರು ಅಂತ ನೋಡ್ಬೇಡ ಕಣೋ, ಪೈಪಿಂಗ್ ದಾರ ಅಂತ ನೋಡು. ಎಳೆದು ಹೊಲಿದ್ರೆ ಸುಕ್ಕು ಬರುತ್ತೆ, ಆಮೇಲೆ ಹರಿಯುತ್ತೆ" ಅಂದ್ರು. ಅವರು ಕೊಟ್ಟ ಪಾಠಗಳು ಇವು:

ದೀಪ ಯಾವತ್ತೂ ಮೇಲಿನ ಬಟ್ಟೆಗೆ ಬೇಡ. ಒಳಗೆ ಲೈನಿಂಗ್, ಅದರ ಮೇಲೆ ತಂತಿ, ಅದರ ಮೇಲೆ ನೆಟ್ ಬಟ್ಟೆ. ಲೈನಿಂಗ್ ಇರೋದರಿಂದ ಮೈಗೆ ಚುಚ್ಚಲ್ಲ, ನೆಟ್ ಇರೋದರಿಂದ ಬೆಳಕು ಹರಡಿ ಮೃದುವಾಗಿ ಕಾಣುತ್ತೆ.

ಮಿಷಿನ್ ಬೇಡ. ಸೂಜಿ ತಂತಿಗೆ ತಾಗಿದರೆ ಮುಗೀತು. ಎರಡೆರಡು ಇಂಚಿಗೆ ಕೈಯಲ್ಲಿ ಸಡಿಲವಾದ ಎರಡು ಹೊಲಿಗೆ ಹಾಕಿ, ತಂತಿ ಒಳಗೆ ಜಾರೋ ಹಾಗಿರಬೇಕು.

ಮಡಿಚೋ ಜಾಗದಲ್ಲಿ ತಂತಿ ಉಳಿಸಿ. ಸೊಂಟ, ಮೊಣಕೈ, ಕಂಕುಳ ಹತ್ತಿರ ಬೆರಳು ತೂರುವಷ್ಟು ಸಡಿಲ ಇರಲಿ. ಕೂರೋ ಭಾಗದಲ್ಲಿ ದೀಪವೇ ಬೇಡ. ಸೀರೆಗಾದರೆ ಸೆರಗಿನ ತುದಿಗೆ ಹಾಕಿ. ಫಾಲಿಗೆ ಹಾಕಿದರೆ ಕಾಲಿಗೆ ಸಿಗುತ್ತೆ.

ಕೊನೇದಾಗಿ ಬ್ಯಾಟರಿ ಡಬ್ಬಿಗೆ ಲಾಡಿ ಪಟ್ಟಿಯ ಹತ್ತಿರ ಒಂದು ಜೇಬು. ಭಾರ ಸೊಂಟದ ಮೇಲೆ ಬೀಳಬೇಕು, ನೆಟ್ ಮೇಲೆ ಅಲ್ಲ. ಒಗೆಯೋವಾಗ ಡಬ್ಬಿ ತೆಗೆಯೋಕೆ ಬರಬೇಕು.

ನೋಡಿ, ಇದರಲ್ಲಿ ಎಲೆಕ್ಟ್ರಾನಿಕ್ಸ್ ಪುಸ್ತಕದ್ದು ಒಂದೂ ಇಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋರಿಗೆ ಕರೆಂಟ್ ಹರಿಯೋ ದಾರವೇ ಇದೆ, ಸ್ಟೀಲ್ ಎಳೆಯದ್ದು. ಅದರಿಂದ ಎಲ್ಇಡಿಗಳನ್ನು ಕಸೂತಿ ಥರ ಹೊಲಿಯಬಹುದು. ಇದಕ್ಕೆಂದೇ ಲಿಯಾ ಬೀಕ್ಲಿ ಅನ್ನೋ ಅಮೆರಿಕದ ಸಂಶೋಧಕಿ ರೂಪಿಸಿದ ಹೂವಿನಾಕಾರದ ಬೋರ್ಡ್ 'ಲಿಲಿಪ್ಯಾಡ್' 2007ರಿಂದ ಮಾರುಕಟ್ಟೆಯಲ್ಲಿದೆ. ಅಂಚಿನಲ್ಲಿ ತೂತುಗಳಿರುತ್ತವೆ, ಗುಂಡಿ ಹೊಲಿದ ಹಾಗೆ ಹೊಲಿಯೋದು. ನೆನಪಿಡಿ: ಈ ದಾರಕ್ಕೆ ಪ್ಲಾಸ್ಟಿಕ್ ಹೊದಿಕೆ ಇಲ್ಲ. ಪ್ಲಸ್ ದಾರ ಮೈನಸ್ ದಾರಕ್ಕೆ ತಾಗಿದರೆ ಶಾರ್ಟ್. ಗಂಟಿಗೆ ಒಂದು ಹನಿ ಬಣ್ಣವಿಲ್ಲದ ನೈಲ್ ಪಾಲಿಶ್ ಹಾಕಿದರೆ ಬಿಚ್ಚಲ್ಲ.

ಇಲ್ಲೇ ನಮ್ಮ ಮನೆಗಳಿಗೆ ವಿಶೇಷವಾಗಿ ಅನ್ವಯಿಸೋ ವಿಷಯ ಒಂದಿದೆ, ಜರಿ. ಅಪ್ಪಟ ಜರಿ ಅಂದ್ರೆ ನೂಲಿಗೆ ಸುತ್ತಿದ ಲೋಹ, ಅದರಲ್ಲಿ ಕರೆಂಟ್ ಹರಿಯುತ್ತೆ. 1990ರ ದಶಕದಲ್ಲಿ ಅಮೆರಿಕದ ಎಂಐಟಿಯವರು ಬಟ್ಟೆಯಲ್ಲಿ ಸರ್ಕ್ಯೂಟ್ ಮಾಡೋಕೆ ಹೊರಟಾಗ ಬಳಸಿದ್ದು ಲೋಹ ಸುತ್ತಿದ ಎಳೆಯ ರೇಷ್ಮೆ ಆರ್ಗಂಜಾ. ಅಂಥ ಬಟ್ಟೆಯನ್ನು ನಮ್ಮ ದೇಶದಲ್ಲಿ ಬಹಳ ಹಿಂದಿನಿಂದಲೇ ನೇಯ್ತಿದ್ರು. ಹೆಮ್ಮೆ ಪಡೋಣ, ಜೊತೆಗೆ ಹುಷಾರಾಗಿಯೂ ಇರೋಣ. ಅಜ್ಜಿಯ ರೇಷ್ಮೆ ಸೀರೆಯಿಂದ ಹೊಲಿಸಿದ ಲಂಗದ ಅಂಚಿಗೆ ಈ ಸ್ಟೀಲ್ ದಾರ ಹಾಕಿದರೆ ಜರಿಯೇ ಶಾರ್ಟ್ ಸರ್ಕ್ಯೂಟ್ ಆಗಬಹುದು. ಮಲ್ಟಿಮೀಟರಿನ ಎರಡು ತುದಿ ಜರಿಗೆ ಮುಟ್ಟಿಸಿ ನೋಡಿ. ಬೀಪ್ ಅಂದ್ರೆ ಅಲ್ಲಿ ಬೇಡ.

ಎಲ್ಲಕ್ಕಿಂತ ಮುಖ್ಯ ಮಾತಿಗೆ ಬರ್ತೀನಿ. ತೂಕ ಕಡಿಮೆ ಅಂತ ಅನೇಕರು ಗುಂಡಿಯ ಥರದ ಸೆಲ್ ಹಾಕ್ತಾರೆ. ಸಿಆರ್2032 ಅಂತ ಬರೆದಿರುತ್ತೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಮಗು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಳ್ಳೋ ಅಳತೆ. ಅಲ್ಲಿನ ತೇವದಲ್ಲಿ ಕರೆಂಟ್ ಹರಿದು ಕ್ಷಾರ ಹುಟ್ಟಿ ಎರಡೇ ಗಂಟೆಯಲ್ಲಿ ಒಳಗೆ ಸುಡೋಕೆ ಶುರುವಾಗಬಹುದು. ಡ್ಯಾನ್ಸ್ ಮಾಡೋ ಅಕ್ಕನ ಲಂಗ ಮಾರನೇ ದಿನ ಮಂಚದ ಮೇಲೆ ಬಿದ್ದಿರುತ್ತೆ, ಎರಡು ವರ್ಷದ ತಮ್ಮ ಪಕ್ಕದಲ್ಲೇ ಇರ್ತಾನೆ. ಅದಕ್ಕೇ ಮಕ್ಕಳಿರೋ ಮನೆಯಲ್ಲಿ ಎಎ ಸೆಲ್ಲೇ ಇರಲಿ, ಸ್ವಲ್ಪ ಭಾರ ಆದ್ರೂ ಪರವಾಗಿಲ್ಲ. ಡಬ್ಬಿಯ ಮುಚ್ಚಳಕ್ಕೆ ಸ್ಕ್ರೂ ಇರಲಿ, ಜೇಬಿನ ಬಾಯಿಗೆ ಟಿಚ್ ಬಟನ್ ಇರಲಿ. ಗುಂಡಿ ಸೆಲ್ ನುಂಗಿರಬಹುದು ಅನ್ನೋ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸೋಕೆ ಹೋಗದೆ ನೇರ ಆಸ್ಪತ್ರೆಗೆ ಓಡಿ. ಹಳೇ ಮೊಬೈಲಿನ ಲಿಥಿಯಂ ಬ್ಯಾಟರಿಯೂ ಬೇಡ. ಬಗ್ಗಿದರೆ, ಚುಚ್ಚಿದರೆ ಬೆಂಕಿ ಹಿಡಿಯೋ ವಸ್ತು ಅದು.

ಪ್ರೋಗ್ರಾಮಿಗೆ ಎರಡು ದಿನ ಮುಂಚೆ ಬಟ್ಟೆ ತೊಡಿಸಿ ಪೂರ್ತಿ ಹಾಡಿಗೆ ಕುಣಿಸಿ ನೋಡಿ. ನಮ್ಮ ಆಫೀಸಲ್ಲಿ ಇದಕ್ಕೆ ಟೆಸ್ಟಿಂಗ್ ಅಂತಾರೆ, ದೊಡ್ಡಮ್ಮ ಟ್ರಯಲ್ ಅಂತಾರೆ. ಅವರು ಒಂದು ರವಿಕೆಯನ್ನೂ ಟ್ರಯಲ್ ಇಲ್ಲದೆ ಕೊಟ್ಟವರಲ್ಲ.

ಹಾಗಾಗಿ ಗ್ರೂಪಲ್ಲಿ ಎಂಜಿನಿಯರನ್ನು ಟ್ಯಾಗ್ ಮಾಡಿ, ಬೇಡ ಅನ್ನಲ್ಲ. ಜೊತೆಗೆ ಮನೆಯಲ್ಲಿ ಹೊಲಿಗೆ ಬಲ್ಲವರು ಯಾರಿದ್ದಾರೋ ಅವರನ್ನು ಮೊದಲು ಕೇಳಿ. ದುಡ್ಡು ಕೊಟ್ಟು ಹೊಲಿಸೋದಾದರೆ ಮಾಮೂಲಿ ಲಂಗದ ರೇಟಿಗೆ ಚೌಕಾಸಿ ಮಾಡಬೇಡಿ. ಆ ದೀಪಗಳು ಹಾಡು ಮುಗಿಯೋವರೆಗೂ ಉರಿಯೋದು ಅವರ ಕೈ ಹೊಲಿಗೆಯಿಂದ.